ಗುಂಡಿ ತೋಡುವವನ ಕಷ್ಟಸುಖ

ಭಾನುವಾರ ರಾತ್ರಿ ನಾನು ಮಹಡಿಯ ಕೋಣೆಯಿಂದ ಇಳಿದು ಬಂದರೆ, ನನ್ನ ಹೆಂಡತಿ ತಟ್ಟೆ ಹಾಕುತ್ತಾ ಕೇಳುವುದು ಒಂದೇ ಪ್ರಶ್ನೆ: “ಇವತ್ತು ಎಷ್ಟು ಜನ ಹೋದರು?” ಹೋದರು ಎಂದರೆ ಮನೆಗೆ ಹೋದರು ಎಂದಲ್ಲ. “ಯಾರೂ ಇಲ್ಲ, ಹಲ್ಲಿನ ಡಾಕ್ಟರು ಮುಳ್ಳಿನ ಗುಂಡಿಗೆ ಬಿದ್ದರು, ಅಷ್ಟೆ” ಎನ್ನುತ್ತೇನೆ. “ಪಾಪ. ಸಾರು ಬಿಸಿ ಮಾಡಲಾ?” ಎನ್ನುತ್ತಾಳೆ. ಹೊಸದಾಗಿ ಕೆಲಸಕ್ಕೆ ಬಂದಿದ್ದ ಹೆಂಗಸೊಬ್ಬಳು ಈ ಮಾತುಕತೆ ಕೇಳಿಸಿಕೊಂಡು ಮಾರನೆಯ ದಿನದಿಂದ ಬರಲಿಲ್ಲ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನ್ನರು ರೂಪಿಸಿ, 1974ರಲ್ಲಿ ಹೊರಬಂದದ್ದು. ತಾಳಮದ್ದಳೆ ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತಿನಲ್ಲಿ ಯುದ್ಧ. ವ್ಯತ್ಯಾಸವೆಂದರೆ ತಾಳಮದ್ದಳೆಯಲ್ಲಿ ಕರ್ಣ ಕೊನೆಗೆ ಸಾಯುತ್ತಾನೆಂದು ಎಲ್ಲರಿಗೂ ಗೊತ್ತು. ಇಲ್ಲಿ ಅದು ಇಪ್ಪತ್ತು ಮುಖದ ದಾಳಕ್ಕೆ ಬಿಟ್ಟದ್ದು. ಭಾಗವತರ ಜಾಗದಲ್ಲಿ ಡಂಜನ್ ಮಾಸ್ಟರ್ ಎಂಬುವನು ಕೂರುತ್ತಾನೆ. ಪಾಳುಕೋಟೆ, ಸುರಂಗ, ರಾಕ್ಷಸರು, ನಿಧಿ, ನಿಧಿಯ ದಾರಿಯಲ್ಲಿನ ಗುಂಡಿ, ಉರುಳು, ವಿಷದ ಬಾಣ ಎಲ್ಲವೂ ಅವನ ಜವಾಬ್ದಾರಿ. ನಮ್ಮ ಮೇಳಕ್ಕೆ ಅವನು ನಾನು. ಅರ್ಥಧಾರಿಗಳು ನಾಲ್ವರು: ಕಳ್ಳನ ಪಾತ್ರಕ್ಕೆ ಹಲ್ಲಿನ ಡಾಕ್ಟರು, ಮಂತ್ರವಾದಿಗೆ ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗಿ, ಖಡ್ಗವೀರನಿಗೆ ನನ್ನ ಸೋದರಳಿಯ, ಕೊಡಲಿ ಹಿಡಿದ ಕುಳ್ಳನಿಗೆ ನಿವೃತ್ತ ಲೆಕ್ಕಪರಿಶೋಧಕರೊಬ್ಬರು.

ನಾನು ತೋಡಿದ ಮೊದಲ ಗುಂಡಿಯನ್ನು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಉದ್ದನೆಯ ಓಣಿ, ನಡುವೆ ಒಂದು ಹಾಸುಗಲ್ಲು. ಕಾಲಿಟ್ಟರೆ ಮೇಲಿಂದ ಬಂಡೆ. ಲೆಕ್ಕಪರಿಶೋಧಕರು ಕಾಲಿಟ್ಟರು. ದಾಳ ಎಸೆದರು, ಮೂರು ಬಿತ್ತು. “ನೀವು ಸತ್ತಿರಿ” ಎಂದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಕೇಳಿದರು: “ನೋಟಿಸ್ ಎಲ್ಲಿ ಕೊಟ್ಟಿದ್ದಿರಿ?”

“ಯಾವ ನೋಟಿಸ್ ಸಾರ್?”

“ಕಲ್ಲು ಅಲ್ಲಾಡುತ್ತದೆ ಅಂತ. ಮೇಲೆ ಬಂಡೆ ಇದೆ ಅಂತ. ಒಂದು ಸೂಚನೆ ಬೇಡವೇ? ಹೇಳದೆ ಕೇಳದೆ ಕೊಂದರೆ ಅದು ಆಟವಲ್ಲ, ಅಪಘಾತ.”

ಮಾತು ಚುಚ್ಚಿತು, ಆದರೆ ಅದರ ಅರ್ಥ ಆದದ್ದು ಎರಡು ದಿನ ಬಿಟ್ಟು. ಮಳೆ ಸುರಿದ ಸಂಜೆ ಸ್ಕೂಟರಿನಲ್ಲಿ ಬರುತ್ತಿದ್ದೆ. ನಮ್ಮ ಬೀದಿ ತಿರುವಿನಲ್ಲಿ ನಿಂತ ನೀರಿನ ನಡುವೆ ಒಂದು ಹೊಂಗೆಯ ಕೊಂಬೆ ನೆಟ್ಟಗೆ ನಿಂತಿತ್ತು. ಬೆಂಗಳೂರಿನಲ್ಲಿ ಗಾಡಿ ಓಡಿಸುವವರಿಗೆ ಇದರ ಭಾಷೆ ಗೊತ್ತು: ಕೆಳಗೆ ಗುಂಡಿಯಿದೆ, ಅಥವಾ ಮುಚ್ಚಳವಿಲ್ಲದ ಮ್ಯಾನ್‌ಹೋಲ್. ಯಾರೋ ಬಿದ್ದು ಎದ್ದವನು, ಹಿಂದೆ ಬರುವವರಿಗಾಗಿ ನೆಟ್ಟು ಹೋದ ಕೊಂಬೆ. ಬ್ರೇಕ್ ಹಿಡಿದು ನಿಂತವನಿಗೆ ಹೊಳೆಯಿತು: ಆಟದಲ್ಲಿ ಮೊದಲು ಮಾಡಬೇಕಾದದ್ದು ಗುಂಡಿ ತೋಡುವುದಲ್ಲ, ಕೊಂಬೆ ನೆಡುವುದು. ಕಣ್ಣಿದ್ದವನು ನೋಡಿ ಪಕ್ಕಕ್ಕೆ ಸರಿಯಬೇಕು. ಅವಸರದವನು ‘ಇದ್ಯಾವ ಗಿಡ’ ಎನ್ನುತ್ತಾ ಮುಳುಗಬೇಕು. ಆಗ ಮುಳುಗಿದವನೂ ಬೈದುಕೊಳ್ಳುವುದು ನನ್ನನ್ನಲ್ಲ, ತನ್ನನ್ನೇ.

ಅಂದಿನಿಂದ ನನ್ನ ಸುರಂಗಗಳಲ್ಲಿ ಕೊಂಬೆಗಳ ಕಾಡೇ ಬೆಳೆಯಿತು. ಬಾಣ ಹಾರುವ ಗೋಡೆಯ ಎದುರು ಗೋಡೆಗೆ ಚಿಕ್ಕ ಚಿಕ್ಕ ತೂತು. ಬೆಂಕಿ ಉಗುಳುವ ಬಾಗಿಲ ಮುಂದೆ ಹೊಗೆಯ ಕರೆ. ಎಲ್ಲ ಕಡೆ ಧೂಳಿದ್ದು ಒಂದೇ ಒಂದು ಕಲ್ಲು ಮಾತ್ರ ಗುಡಿಸಿಟ್ಟಂತೆ ಸ್ವಚ್ಛ. ಮನೆ ಗುಡಿಸಿದವರಿಗೆ ಗೊತ್ತು, ಇದಕ್ಕಿಂತ ಅನುಮಾನಾಸ್ಪದವಾದದ್ದು ಇನ್ನೊಂದಿಲ್ಲ.

ನಿಯಮದ ಪುಸ್ತಕವನ್ನು ಕೇಳಿದರೆ ಅದು ಅಂಕಿ ಕೊಡುತ್ತದೆ. 2014ರ ಆವೃತ್ತಿಯ ಪ್ರಕಾರ ಅಪಾಯಕಾರಿ ಬೋನಿನಿಂದ ಪಾರಾಗಲು ದಾಳ ಮತ್ತು ಸಾಮರ್ಥ್ಯ ಸೇರಿ 12ರಿಂದ 15 ಬೀಳಬೇಕು, ಪ್ರಾಣಾಂತಿಕವಾದದ್ದಕ್ಕೆ 16ರಿಂದ 20. ಹತ್ತು ಅಡಿ ಬಿದ್ದರೆ ಆರು ಮುಖದ ಒಂದು ದಾಳದಷ್ಟು ಪೆಟ್ಟು, ಇಪ್ಪತ್ತು ಅಡಿಗೆ ಎರಡು. ಇವೆಲ್ಲ ಉಪ್ಪು ಎಷ್ಟು ಹಾಕಬೇಕೆಂಬ ಲೆಕ್ಕ. ಅಡುಗೆಯ ವಿಷಯ ಬೇರೆ.

ಅಡುಗೆ ಬಲ್ಲವರೆಂದರೆ ಗೈಗ್ಯಾಕ್ಸ್. ‘ಟೂಂಬ್ ಆಫ್ ಹಾರರ್ಸ್’ ಎಂಬ ಗೋರಿಯೊಂದನ್ನು ಅವರು ಕಟ್ಟಿದರು. 1975ರ ಒಂದು ಸಮ್ಮೇಳನದಲ್ಲಿ ಸ್ಪರ್ಧೆಗಿಟ್ಟದ್ದು, 1978ರಲ್ಲಿ ಪುಸ್ತಕವಾಯಿತು. ‘ನಮ್ಮನ್ನು ಯಾರು ಏನು ಮಾಡಿಯಾರು’ ಎಂದು ಬೀಗುತ್ತಿದ್ದ ಪಳಗಿದ ಆಟಗಾರರ ಮದ ಇಳಿಸುವುದೂ ಅವರ ಉದ್ದೇಶವಾಗಿತ್ತು. ಅಲ್ಲಿನ ಓಣಿಯ ತುದಿಯಲ್ಲಿ ಹಸಿರು ಬಣ್ಣದ ಪಿಶಾಚಿಯ ಮುಖ, ಬಾಯಿ ಅಗಲಿಸಿಕೊಂಡಿದೆ, ಒಳಗೆ ಕಗ್ಗತ್ತಲು. ದಾರಿ ಇರಬೇಕೆಂದು ತೂರಿದವರು ಅಲ್ಲಿಗೇ ಇಲ್ಲವಾಗುತ್ತಾರೆ; ಮೂಳೆಯೂ ಸಿಗುವುದಿಲ್ಲ. ಅನ್ಯಾಯ ಎನ್ನಬಹುದು. ಆದರೆ ಗೋರಿಯ ಯಜಮಾನ ಅಸೆರೆರಾಕ್ ನೆಲದ ಹಾಸುಗಲ್ಲಿನಲ್ಲೇ ಒಂದು ಒಗಟನ್ನು ಕೆತ್ತಿಟ್ಟಿದ್ದಾನೆ, ಓದುವ ತಾಳ್ಮೆ ಇದ್ದವರಿಗೆ. ಪಿಶಾಚಿಯ ಬಾಯಿಗೆ ತಲೆ ಕೊಡುವವನಿಗೆ ಇದಕ್ಕಿಂತ ದೊಡ್ಡ ಕೊಂಬೆ ಯಾವ ಮರದಿಂದ ತರುವುದು? ಆದರೂ ಒಗಟು ಒಗಟೇ. ನಮ್ಮ ಲೆಕ್ಕಪರಿಶೋಧಕರು ಅದನ್ನು ನೋಟಿಸ್ ಎಂದು ಒಪ್ಪುವುದಿಲ್ಲ. ಇನ್ನು 1981ರಲ್ಲಿ ಬಂದ ‘ಗ್ರಿಮ್‌ಟೂತ್ಸ್ ಟ್ರ್ಯಾಪ್ಸ್’ ಎಂಬ ಪುಸ್ತಕವಂತೂ ನೂರೊಂದು ಬೋನುಗಳ ಭಂಡಾರ. ಪ್ರತಿಯೊಂದರ ಕ್ರೌರ್ಯಕ್ಕೂ ತಲೆಬುರುಡೆಗಳ ಲೆಕ್ಕದಲ್ಲಿ ಅಂಕ. ಓದಲು ಸೊಗಸು. ಅದರಂತೆ ಆಡಿಸಿದರೆ ಮುಂದಿನ ಭಾನುವಾರ ಮಹಡಿಗೆ ಹತ್ತುವವನು ನಾನೊಬ್ಬನೇ.

ನಮ್ಮ ಮಹಾಭಾರತವೂ ಈ ವಿಷಯದಲ್ಲಿ ಕಡಿಮೆಯಿಲ್ಲ. ಪುರೋಚನ ಅರಗಿನ ಮನೆಯನ್ನು ಎಷ್ಟು ಮುತುವರ್ಜಿಯಿಂದ ಕಟ್ಟಿಸಿದ! ಆದರೆ ಧರ್ಮರಾಯ ಒಳಗೆ ಹೋಗಿ ಮೂಗರಳಿಸಿದ. ತುಪ್ಪದ ವಾಸನೆ, ಅರಗಿನ ವಾಸನೆ. ಮೇಲಾಗಿ ವಿದುರ ಹೊರಡುವಾಗಲೇ ಗೂಢವಾಗಿ ಸೂಚನೆ ಕೊಟ್ಟಿದ್ದ. ಪಾಂಡವರು ಓಡಿಹೋಗಲಿಲ್ಲ, ಒಳಗೊಳಗೇ ಸುರಂಗ ತೋಡಿಸಿ, ತಾವೇ ಬೆಂಕಿ ಹಚ್ಚಿ, ಪುರೋಚನನನ್ನೇ ಸುಟ್ಟರು. ಇದು ಪಕ್ಕಾ ಆಟಗಾರರ ಬುದ್ಧಿ. ನಾನು ಮೂರು ವಾರ ಕೂತು, ಚೌಕುಳಿ ಹಾಳೆಯಲ್ಲಿ ನಕ್ಷೆ ಬರೆದು, ಒಂದು ತಿರುಗುವ ಗೋಡೆಯ ಬೋನು ಮಾಡಿದ್ದೆ. ಮಂತ್ರವಾದಿನಿ ಅದನ್ನು ಕಂಡುಹಿಡಿದಳು. ಕಂಡುಹಿಡಿದು ಬಿಟ್ಟಳೇ? ಸೋದರಳಿಯನನ್ನು ಓಡಿಸಿ, ಅಟ್ಟಿಸಿಕೊಂಡು ಬಂದ ನನ್ನ ಹನ್ನೆರಡು ರಾಕ್ಷಸರನ್ನು ಅದರೊಳಗೆ ಕೆಡವಿದಳು. ಆ ರಾಕ್ಷಸರಿಗೆ ನಾನು ಹೆಸರಿಟ್ಟಿದ್ದೆ. ನಾನು ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರುವವರು.

ಮಯಸಭೆಯ ವಿಷಯದಲ್ಲಿ ನನಗೆ ದುರ್ಯೋಧನನ ಮೇಲೆ ಕನಿಕರವಿದೆ. ಮಯನ ಕುಶಲತೆ ನೋಡಿ: ಮೊದಲು ನೆಲವನ್ನು ನೀರೆಂದು ತೋರಿಸಿ ಪಂಚೆ ಎತ್ತಿಕೊಳ್ಳುವಂತೆ ಮಾಡಿದ. ಪಾಠ ಕಲಿತ ದುರ್ಯೋಧನ ಮುಂದಿನ ನೀರನ್ನು ನೆಲವೆಂದುಕೊಂಡು ಧುಮುಕಿದ. ಕಲಿತ ಪಾಠವೇ ಬೀಳಿಸಿತು. ಈ ಮಟ್ಟಕ್ಕೆ ನಾನಿನ್ನೂ ಏರಿಲ್ಲ. ಕೆಟ್ಟದ್ದು ಬೋನಲ್ಲ, ನೋಡುತ್ತಿದ್ದವರು ನಕ್ಕದ್ದು. ಸೋದರಳಿಯ ನಿಧಿಪೆಟ್ಟಿಗೆಯೆಂದು ತಬ್ಬಿಕೊಂಡದ್ದು ಪೆಟ್ಟಿಗೆಯ ರೂಪದ ರಾಕ್ಷಸನಾಗಿ, ಅವನ ಕೈ ಕಚ್ಚಿ ಹಿಡಿದಾಗ ನಾನೂ ನಕ್ಕುಬಿಟ್ಟೆ. ಹುಡುಗ ಎರಡು ವಾರ ಮಾತು ಬಿಟ್ಟ. ಅಕ್ಕ ಫೋನ್ ಮಾಡಿ, “ಮಗು ಊಟ ಸರಿಯಾಗಿ ಮಾಡ್ತಿಲ್ಲ, ಏನು ಮಾಡಿದೆಯೋ ಅವನಿಗೆ?” ಎಂದಳು. ಮಗುವಿಗೆ ಇಪ್ಪತ್ತೊಂಬತ್ತು ವರ್ಷ.

ಇಷ್ಟೆಲ್ಲ ಆದ ಮೇಲೆ ಈಗ ನಾಲ್ವರೂ ಎಚ್ಚರದ ಮುದ್ದೆಗಳಾಗಿದ್ದಾರೆ. ಹತ್ತು ಅಡಿಯ ಕೋಲು ಈ ಆಟದ ಹಳೆಯ ಆಯುಧ. ಬೆಲೆ ಐದು ತಾಮ್ರದ ಕಾಸು. ಡಾಕ್ಟರ ಬಳಿ ಅಂಥವು ಮೂರಿವೆ. ಒಂದೊಂದು ಕಲ್ಲನ್ನೂ ತಟ್ಟುತ್ತಾರೆ, ಒಂದೊಂದು ಬಾಗಿಲಿಗೂ ಕಿವಿ ಕೊಡುತ್ತಾರೆ. ಮೊನ್ನೆ ಏನೂ ಇಲ್ಲದ ಖಾಲಿ ಕೋಣೆಯೊಂದನ್ನು ದಾಟಲು ಒಂದೂವರೆ ಗಂಟೆ ತೆಗೆದುಕೊಂಡರು. ಅಲ್ಲಿ ನಿಜವಾಗಿಯೂ ಏನೂ ಇರಲಿಲ್ಲ. ಬರೆಯಲು ಹೊತ್ತು ಸಿಗದೆ ಖಾಲಿ ಬಿಟ್ಟಿದ್ದೆ. ಇದುವರೆಗಿನ ನನ್ನ ಅತ್ಯುತ್ತಮ ಬೋನು ಅದೇ ಎಂದು ಹೊರಡುವಾಗ ಎಲ್ಲರೂ ಹೊಗಳಿದರು.

ಹೊಗಳಿ, ಕೆಳಗಿಳಿಯುತ್ತಾ, ನಾಲ್ವರೂ ಸಾಲಾಗಿ ನಮ್ಮ ಮಹಡಿ ಮೆಟ್ಟಿಲಿನ ಏಳನೆಯ ಕಲ್ಲಿನ ಮೇಲೆ ಎಡವಿದರು. ಅದು ಎರಡು ವರ್ಷದಿಂದ ಅಲ್ಲಾಡುತ್ತಿದೆ, ಪ್ರತಿ ವಾರವೂ ಎಡವುತ್ತಾರೆ. ಡಾಕ್ಟರ ಮೂರು ಕೋಲುಗಳು ಆ ಲೋಕದಲ್ಲೇ ಉಳಿಯುತ್ತವೆ.

ಅಂದಹಾಗೆ ನಮ್ಮ ಮೇಳಕ್ಕೆ ಐದನೆಯವರೊಬ್ಬರು ಬೇಕಾಗಿದ್ದಾರೆ. ಭಾನುವಾರ ಸಂಜೆ ನಾಲ್ಕಕ್ಕೆ ಆಟ, ಆರಕ್ಕೆ ಕಾಫಿ, ಚಕ್ಕುಲಿ. ಬರುವವರು ಮೆಟ್ಟಿಲ ಮೇಲೊಂದು ತುಳಸಿ ಕುಂಡ ಕಂಡರೆ, ಅದನ್ನು ಸುಮ್ಮನೆ ಇಟ್ಟದ್ದೆಂದು ತಿಳಿಯಬೇಡಿ.