ಹಲ್ಲು ಕಿತ್ತ ತೇರು

ತೆರಕಣಾಂಬಿಯ ನಮ್ಮ ಮನೆಯ ಜಗಲಿಯ ಮೇಲೆ, ನನ್ನ ಏಳನೆಯ ವಯಸ್ಸಿನಲ್ಲಿ, ಅಲುಗಾಡುತ್ತಿದ್ದ ಹಾಲುಹಲ್ಲೊಂದಕ್ಕೆ ನೂಲು ಬಿಗಿಸಿಕೊಂಡು, ಆ ನೂಲಿನ ಮತ್ತೊಂದು ತುದಿಯನ್ನೂ ನನ್ನ ಭವಿಷ್ಯವನ್ನೂ ತಂದೆಯವರ ಕೈಗೊಪ್ಪಿಸಿ ನಾನು ಕುಳಿತಿದ್ದಾಗ, ಅವರು ಇದ್ದಕ್ಕಿದ್ದಂತೆ ತಲೆಯೆತ್ತಿ, “ಅಕೋ, ಹುಲಗನಮುರಡಿ ಬೆಟ್ಟದ ಮ್ಯಾಲೆ ತೇರು ಹೊಂಟದೆ, ನೋಡ್ಲಾ!” ಎಂದರು. ಅದು ಜಾತ್ರೆಯ ಕಾಲವಲ್ಲ. ಆಗಿದ್ದರೂ ಅಷ್ಟು ದೂರದ ತೇರು ನಮ್ಮ ಜಗಲಿಗೆ ಕಾಣತಕ್ಕುದಲ್ಲ. ಆದರೂ ನಾನು ನೋಡಿದೆನು. ಬಾವುಟಗಳ ಬಣ್ಣವನ್ನೂ ಕಂಡೆನು. ಅಷ್ಟರೊಳಗೆ ಹಲ್ಲು ನೂಲಿನ ತುದಿಯಲ್ಲಿ ತೂಗಾಡುತ್ತಿದ್ದಿತು. ಮನೆಮಂದಿಯೆಲ್ಲ ನಕ್ಕರು. ತೇರನ್ನು ಕಂಡೆನೆಂಬ ನನ್ನ ಹೇಳಿಕೆಯನ್ನು ಮಾತ್ರ ನಾನು ಇಂದಿನವರೆಗೂ ಹಿಂದಕ್ಕೆ ಪಡೆದಿಲ್ಲ.

ನನ್ನ ಮೊಮ್ಮಗನ ದವಡೆಹಲ್ಲು ಹುಳುಕಾದಾಗ ಈ ವಿದ್ಯೆ ಪ್ರಯೋಜನಕ್ಕೆ ಬರಲಿಲ್ಲ. ಆ ಹಲ್ಲು ನೂಲಿಗೆ ಜಗ್ಗುವ ಜಾತಿಯದಲ್ಲ. ಕಾದ ಕಬ್ಬಿಣದ ಮೇಲೆ ಗುಳ್ಳದ ಬೀಜ ಸುರಿದು, ಅದರ ಹೊಗೆಯನ್ನು ಕೊಳವೆಯಲ್ಲಿ ಹಿಡಿಸಿ ‘ಹುಳು’ ಉದುರಿಸುವ ಪುರಾತನ ಚಿಕಿತ್ಸೆಯನ್ನು ನನ್ನಾಕೆ ಸೂಚಿಸಿದಳಾದರೂ, ಮಗನು ಅದನ್ನು ಗೌರವಪೂರ್ವಕವಾಗಿ ತಳ್ಳಿಹಾಕಿ ನನ್ನನ್ನೂ ಮೊಮ್ಮಗನನ್ನೂ ಮೈಸೂರಿನ ಬಸ್ಸು ಹತ್ತಿಸಿದನು. ಅಲ್ಲಿಯ ದಂತವೈದ್ಯೆ ಹುಡುಗನ ಮುಖಕ್ಕೆ, ಜಟಕಾ ಕುದುರೆಯ ಕಣ್ಣುಪಟ್ಟಿಯನ್ನೇ ಯಾರೋ ವಿದ್ಯಾವಂತರು ತಿದ್ದಿ ಬೆಳೆಸಿದಂತಿದ್ದ ದಪ್ಪ ಕನ್ನಡಕವೊಂದನ್ನು ಕಟ್ಟಿ, ಕೈಗೊಂದು ಗುಂಡಿಯ ಸಾಧನವನ್ನು ಕೊಟ್ಟರು. ಕ್ಷಣಾರ್ಧದಲ್ಲಿ ಅವನು ಹಿಮದ ಕಣಿವೆಯೊಂದನ್ನು ಹೊಕ್ಕು, ಎದುರು ಬಂದವರಿಗೆಲ್ಲ ಹಿಮದುಂಡೆಯಿಂದ ಹೊಡೆಯತೊಡಗಿದನು. ಗುಂಡ್ಲುಪೇಟೆ ಸೀಮೆಯಲ್ಲಿ ಹಿಮವೆಂದರೆ ಗೋಪಾಲಸ್ವಾಮಿ ಬೆಟ್ಟದ ಮಂಜು ಮಾತ್ರವೇ ಎಂದು ತಿಳಿದಿದ್ದ ಹುಡುಗನವನು.

ಈ ಹಿಮದ ಉಪಾಯ ಹುಟ್ಟಿದುದು ಅಮೆರಿಕದ ಸಿಯಾಟಲಿನಲ್ಲಿ. ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಹಂಟರ್ ಹಾಫ್‌ಮನ್ ಎಂಬವರು, ಸುಟ್ಟಗಾಯಗಳನ್ನು ತೊಳೆಯುವಾಗಿನ ಯಾತನೆಯನ್ನು ರೋಗಿಗಳು ಮರೆಯಲೆಂದು ‘ಸ್ನೋವರ್ಲ್ಡ್’ ಎಂಬ ಮಿಥ್ಯಾಲೋಕವನ್ನು ಕಟ್ಟಿಸಿದರು. ಹಲ್ಲುನೋವಿನ ವಿಷಯದಲ್ಲಿಯೂ ಅವರ ತಂಡದ ಲೇಖನವೊಂದು 2001ರಲ್ಲಿ ಪ್ರಕಟವಾಯಿತು. ಇತ್ತ ನಮ್ಮ ಮಂಗಳೂರಿನ ಎ.ಬಿ. ಶೆಟ್ಟಿ ದಂತವೈದ್ಯ ಸಂಸ್ಥೆಯವರು 5ರಿಂದ 8 ವರ್ಷದ 120 ಮಕ್ಕಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಕನ್ನಡಕ ತೊಡಿಸಿ, ಇನ್ನೊಂದಕ್ಕೆ ತೊಡಿಸದೆ ಪರೀಕ್ಷಿಸಿದರು. ನೋವನ್ನು ಅಳೆದುದು ನಗುಮುಖದಿಂದ ಅಳುಮುಖದವರೆಗಿನ ಚಿತ್ರಗಳ ಸಾಲಿನಿಂದ. ಮಕ್ಕಳು ಮುಖ ನೋಡಿ ಸುಳ್ಳಾಡಿಯಾರೆಂಬ ಶಂಕೆಯಿಂದಲೋ ಏನೋ, ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಉದ್ವೇಗದ ರಸ ಎಷ್ಟಿದೆಯೆಂಬುದನ್ನೂ ಅಳೆದರು. 2019ರಲ್ಲಿ ಹೊರಬಂದ ಅವರ ವರದಿಯಂತೆ, ಕನ್ನಡಕದ ಮಕ್ಕಳಲ್ಲಿ ನೋವೂ ಅಂಜಿಕೆಯೂ ಕಡಿಮೆ. ಜೊಲ್ಲೂ ಅದನ್ನೇ ಅನುಮೋದಿಸಿತು.

ಇದಕ್ಕೆ ಕಾರಣವೇನೆಂದರೆ, ನೋವಿಗೂ ಗಮನ ಬೇಕು. ಗಮನವೋ, ಮನುಷ್ಯನಲ್ಲಿ ಮಿತವಾದ ಸರಕು. ಮೆಲ್ಝಾಕ್ ಮತ್ತು ವಾಲ್ ಎಂಬ ವಿದ್ವಾಂಸರು 1965ರಲ್ಲಿಯೇ, ಬೆನ್ನುಹುರಿಯಲ್ಲಿ ನೋವಿಗೊಂದು ಬಾಗಿಲಿದೆಯೆಂದೂ, ಅದನ್ನು ಮುಚ್ಚುವ ಅಧಿಕಾರ ಮಿದುಳಿಗೂ ಉಂಟೆಂದೂ ಪ್ರತಿಪಾದಿಸಿದ್ದರು. ರಾತ್ರಿ 9ಕ್ಕೆ ಬಂಡೀಪುರದ ಗೇಟು ಬಿದ್ದು, ಲಾರಿಗಳೆಲ್ಲ ಸಾಲುಗಟ್ಟಿ ನಿಲ್ಲುವುದನ್ನು ಕಂಡ ನಮ್ಮ ಕಡೆಯವರಿಗೆ ಈ ಸಿದ್ಧಾಂತವನ್ನು ಎರಡನೆಯ ಸಲ ವಿವರಿಸಬೇಕಾಗಿಲ್ಲ. ಹಾಗೆಂದು ನಮ್ಮ ಹುಡುಗನ ಪಾಲಿಗೆ ಮರಗಟ್ಟಿಸುವ ಸೂಜಿಗೆ ವಿಶ್ರಾಂತಿ ದೊರೆಯಿತೆಂದಲ್ಲ. ಅದು ಹಿಮದುಂಡೆಗಳ ಗದ್ದಲದಲ್ಲಿ ಮೆಲ್ಲನೆ ಬಂದುಹೋಯಿತು.

ಕನ್ನಡಕವಿಲ್ಲದೆ ಕುಳಿತವನು ನಾನೊಬ್ಬನೇ. ಇಕ್ಕಳದ ಹೊಳಪು ನನಗೆ ಕಂಡಿತು, ಯಂತ್ರದ ಕೀರಲು ನನಗೆ ಕೇಳಿಸಿತು. ಎಂದೋ ಉದುರಿಹೋದ ನನ್ನ ದವಡೆಹಲ್ಲುಗಳ ಜಾಗಗಳೆಲ್ಲ ಏಕಕಾಲದಲ್ಲಿ ನೊಂದವು. ಆಗ ಯಾರಾದರೂ ನನ್ನ ಜೊಲ್ಲನ್ನು ಪರೀಕ್ಷಿಸಿದ್ದರೆ ಆ ಕಾರ್ಟಿಸಾಲ್ ಎಂಬುದನ್ನು ಚೊಂಬಿನಲ್ಲಿ ಹಿಡಿಯಬಹುದಾಗಿದ್ದಿತು. “ತಾತನಿಗೆ ನೀರು ಕೊಡಿ” ಎಂದು ವೈದ್ಯೆ ದಾದಿಗೆ ಹೇಳಿದರು.

ಹುಡುಗನ ಕನ್ನಡಕ ಬಿಚ್ಚಿದಾಗ ಅವನ ಮುಖದಲ್ಲಿ ಸ್ಪಷ್ಟವಾದ ಅಸಮಾಧಾನವಿದ್ದಿತು. ಬಾಯೊಳಗಿನ ಹತ್ತಿಯ ನಡುವಿನಿಂದಲೇ ದೂರಿದನು: “ಆಟ ಮುಗಿಯೋಕ್ ಮುಂಚೇನೆ ಕಿತ್ಬುಟ್ರು ಕಣ್ ತಾತ!”

ಮನೆಗೆ ಬಂದ ಮೇಲೆ ಅವನಜ್ಜಿ ಹಲ್ಲನ್ನು ಸಗಣಿಯುಂಡೆಯಲ್ಲಿರಿಸಿ, ಸಂಪ್ರದಾಯದಂತೆ ಮನೆಯ ಮೇಲಕ್ಕೆ ಎಸೆಯೆಂದು ಅವನ ಕೈಗಿತ್ತಳು. ಹುಡುಗನು ಒಂದು ಕಣ್ಣು ಮುಚ್ಚಿ, ಕಣಿವೆಯಲ್ಲಿ ಕಲಿತ ಭಂಗಿಯಲ್ಲಿ ತೋಳು ಬೀಸಿದನು. ಉಂಡೆ ನಮ್ಮ ತಾರಸಿಯನ್ನೂ ದಾಟಿ, ಪಕ್ಕದ ಮನೆಯವರು ಅಂದೇ ಸುಣ್ಣ ಬಳಿಸಿದ್ದ ಗೋಡೆಗೆ ಪಟ್ಟನೆ ಅಂಟಿಕೊಂಡಿತು. ಆ ಮನೆಯಾಕೆ ಬಾಗಿಲು ತೆರೆಯುವಷ್ಟರಲ್ಲಿ ನಾನು ಹುಲಗನಮುರಡಿಯ ಕಡೆಗೆ ಬೆರಳು ತೋರಿಸಿ, ತೇರು ಹೊರಟಿದೆಯೆಂದು ಹೇಳಲು ಸಿದ್ಧನಾಗಿ ನಿಂತಿದ್ದೆನು.