ಬೂದುಗುಂಬಳಕ್ಕೆ ಸೀಟ್ ಬೆಲ್ಟು

ಮೂವತ್ತೊಂದು ವರ್ಷ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತನಾದವನು ನಾನು. ವರ್ಷಾ ವರ್ಷಾ ನ್ಯೂಟನ್ನನ ಮೊದಲ ನಿಯಮ ಬಂದಾಗ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಬಸ್ಸು ಗಕ್ಕನೆ ನಿಂತರೆ ಒಳಗಿರೋರು ಮುಂದಕ್ಕೆ ಮುಗ್ಗರಿಸ್ತಾರೆ. ಯಾಕೆ?" ಹಿಂದಿನ ಬೆಂಚಿನಿಂದ ಬರುತ್ತಿದ್ದುದೂ ಒಂದೇ ಉತ್ತರ: "ಡ್ರೈವರ್ ಸರಿ ಇಲ್ಲ ಸಾರ್." ಅವರನ್ನು ನಿಲ್ಲಿಸಿ ಜಡತ್ವ ಬರೆಸುತ್ತಿದ್ದೆ. ಅದೇ ಸಂಜೆ ನಾಲ್ಕು ವರ್ಷದ ಮಗಳಿಗೆ ಮಂಕಿ ಟೋಪಿ ಹಾಕಿ, ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು, ಮೈಸೂರಿನ ಚಾಮರಾಜ ಜೋಡಿ ರಸ್ತೆಯಲ್ಲಿ ಜುಮ್ಮಂತ ಹೋಗುತ್ತಿದ್ದೆ. ಜಡತ್ವ ಸಿಲೆಬಸ್ಸಿನಲ್ಲಿತ್ತು, ರಸ್ತೆಯಲ್ಲಿರಲಿಲ್ಲ.

ಆ ಮಗಳು ಈಗ ಬಾಣಂತನ ಮುಗಿಸಿಕೊಂಡು, ಮೂರು ತಿಂಗಳ ಕೂಸಿನ ಜೊತೆ ಬೆಂಗಳೂರಿಗೆ ಹೊರಡುವ ವಾರ ಮನೆಗೊಂದು ಪೆಟ್ಟಿಗೆ ಬಂತು. ಫ್ರಿಜ್ಜಿನಷ್ಟಿತ್ತು. ಕಾರಿನ ಡಿಕ್ಕಿಯೊಳಗಿಟ್ಟು ಬಾಗಿಲು ಹಾಕೋಣವೆಂದರೆ ಆಗಲಿಲ್ಲ. (ಕಾರಿನ ಹಿಂಭಾಗಕ್ಕೂ ಅಪಘಾತಕ್ಕೂ ನಾವು ಒಂದೇ ಪದ ಇಟ್ಟುಕೊಂಡಿದ್ದೇವೆ. ಯಾರ ದೂರದೃಷ್ಟಿಯೋ.)

"ಏನಮ್ಮ ಇದು?"

"ಪಾಪುಗೆ ಸೀಟು ಅಪ್ಪ. ಕಾರಿಗೆ ಕಟ್ಟಬೇಕು. ನೀವೇ ಕಟ್ತೀರಲ್ಲ, ಫಿಸಿಕ್ಸ್ ಮೇಷ್ಟ್ರು."

ನನ್ನ ಕಾರು ನಿವೃತ್ತಿಯ ದುಡ್ಡಿನಲ್ಲಿ ಕೊಂಡದ್ದು. ಅಗಲ ಹೆಚ್ಚುಕಮ್ಮಿ ಒಂದೂವರೆ ಮೀಟರು. ನಮ್ಮ ಹಜಾರದ ದಿವಾನ ಅದಕ್ಕಿಂತ ಉದ್ದ. ಅದರೊಳಗೆ ಈ ಸಿಂಹಾಸನ ಇಟ್ಟರೆ ಉಳಿದವರು ಕಾಲನ್ನು ಮನೆಯಲ್ಲೇ ಬಿಟ್ಟು ಬರಬೇಕು.

ಹತ್ತು ನಿಮಿಷದ ಕೆಲಸ ಅಂದೆ. ಮೊದಲು ಹೊಳೆದದ್ದು ಮುಂದಿನ ಸೀಟು. ಡ್ರೈವ್ ಮಾಡುತ್ತಾ ಮೊಮ್ಮಗನ ಮುಖ ನೋಡಬಹುದಲ್ಲ! ಮಗಳು ಏನೂ ಹೇಳದೆ ಬಿಸಿಲುಪಟ್ಟಿ ಇಳಿಸಿ ತೋರಿಸಿದಳು. ಅಲ್ಲೊಂದು ಚಿತ್ರ, ಹಿಂದುಮುಂದಾಗಿ ಕೂತ ಮಗು, ಎದುರಿಗೆ ಉಬ್ಬಿದ ಚೀಲ, ಮೇಲೊಂದು ಅಡ್ಡಗೀಟು. ಕಾರು ಕೊಂಡಂದಿನಿಂದ ಅಲ್ಲೇ ಇದೆಯಂತೆ. ನಾನು ಅದನ್ನು ಕಂಪನಿಯವರ ಅಲಂಕಾರ ಅಂದುಕೊಂಡಿದ್ದೆ. ಏರ್‌ಬ್ಯಾಗ್ ಬಿಚ್ಚಿಕೊಳ್ಳುವುದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ. ಅದರ ಮುಂದೆ ಬೆನ್ನು ಕೊಟ್ಟು ಕೂತ ಕೂಸಿನ ಸೀಟಿಗೆ ಅದು ಗುದ್ದಿದರೆ ರಕ್ಷಣೆಗೆ ಇಟ್ಟದ್ದೇ ಯಮನಾಗುತ್ತದೆ. ಸರಿ, ಹಿಂದಿನ ಸೀಟು. ಅದರಲ್ಲೂ ಎಡಗಡೆ, ಫುಟ್‌ಪಾತಿನ ಕಡೆಯ ಬಾಗಿಲು. ನಡುವೆ ಇಡೋಣವೆಂದರೆ ನನ್ನ ಕಾರಿನಲ್ಲಿ ಅಲ್ಲಿರುವುದು ಸೊಂಟಪಟ್ಟಿ ಮಾತ್ರ, ಈ ಸೀಟಿಗೆ ಭುಜದ ಮೇಲೆ ಹಾಯುವ ಬೆಲ್ಟೇ ಬೇಕು.

"ಐಸೋಫಿಕ್ಸ್ ಕೊಂಡಿ ಇದೆಯಾ ನೋಡಿ" ಅಂದಳು. ಹಿಂದಿನ ಸೀಟಿನ ಬೆನ್ನೂ ಮಣೆಯೂ ಸೇರುವ ಸಂದಿನಲ್ಲಿ ಉಕ್ಕಿನ ಎರಡು ಕೊಂಡಿಗಳಿರುತ್ತವೆ, ಮಕ್ಕಳ ಸೀಟಿನ ಎರಡು ತೋಳು ಅದಕ್ಕೆ ಕಚ್ಚಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಸಂದಿಗೆ ಕೈ ಹಾಕಿದೆ. ಸಿಕ್ಕಿದ್ದು: ಒಂದು ಐದು ರೂಪಾಯಿ ನಾಣ್ಯ, ನಂಜನಗೂಡಿನ ಪ್ರಸಾದದ ಕಲ್ಲುಸಕ್ಕರೆ, ಅರ್ಧ ಕೋಡುಬಳೆ, ಆಮೇಲೆ ನನ್ನ ಹೆಂಡತಿಯ ಕೆಂಪು ಕಲ್ಲಿನ ಓಲೆ. ಈ ಓಲೆ ನನ್ನ ತಂಗಿಯ ಮನೆಯ ಗೃಹಪ್ರವೇಶದಲ್ಲಿ ಕಳೆದಿತ್ತು, ಅಂದರೆ ಕಳೆದಿತ್ತೆಂದು ಎರಡು ವರ್ಷದಿಂದ ತೀರ್ಮಾನವಾಗಿತ್ತು. ಆ ಕಾರಣಕ್ಕೆ ನನ್ನ ತಂಗಿಯ ಮನೆಗೆ ನಾವು ಹಬ್ಬಕ್ಕೆ ಹೋಗುತ್ತಿರಲಿಲ್ಲ. ಓಲೆ ಎತ್ತಿ ತೋರಿಸಿದೆ. ಹೆಂಡತಿ ಅದನ್ನು ಸೆರಗಿಗೆ ಒರೆಸಿಕೊಂಡು, "ಕಾರು ಕ್ಲೀನ್ ಮಾಡಿಸಿ ಎಷ್ಟು ವರ್ಷ ಆಯ್ತು ರೀ?" ಅಂದಳು. ವಿಷಯ ಅಲ್ಲಿಗೆ ಮುಗಿಯಿತು.

ಕೊನೆಗೆ ಕೊಂಡಿಗಳೂ ಸಿಕ್ಕವು. ಆದರೆ ಬಂದ ಸೀಟು ಬೆಲ್ಟಿನಲ್ಲಿ ಕಟ್ಟುವ ಜಾತಿಯದ್ದು, ಅದಕ್ಕೆ ತೋಳೇ ಇಲ್ಲ! ಯಾವ ಕಾರಿಗೆ ಯಾವ ಸೀಟು ಹೊಂದುತ್ತದೆ ಎಂದು ಪುಸ್ತಕದ ಹಿಂದೆ ಪಟ್ಟಿ ಇರುತ್ತದಂತೆ. ಕೊಳ್ಳುವ ಮೊದಲೇ ನೋಡಬೇಕು. ಸಾಲಾವಳಿ ನೋಡದೆ ಮದುವೆ ಮಾಡಿದ ಮೇಲೆ ಇನ್ನೇನು, ಹೊಂದಿಸಿಕೊಂಡು ಹೋಗಬೇಕು.

ಬೆಲ್ಟಿಗೆ ಕೈ ಹಾಕಿದೆ. ಜಗ್ಗಿದೆ. ಒಂದು ಗೇಣು ಬಂದು ನಿಂತಿತು. ಇನ್ನೂ ಜೋರಾಗಿ ಜಗ್ಗಿದೆ. ಮತ್ತೂ ಬಿಗಿಯಿತು. "ಬೆಲ್ಟೇ ಸಾಲದು ಕಣಮ್ಮ, ಸಣ್ಣ ಕಾರು" ಎಂದು ಕೂಗಿ ಹೇಳಿದೆ. ಕಿಟಕಿಯಿಂದ ಉತ್ತರ ಬಂತು: "ಮೆಲ್ಲಗೆ ಎಳೀರಿ ಅಪ್ಪ. ಜೋರಾಗಿ ಎಳೆದರೆ ಲಾಕ್ ಆಗೋ ಹಾಗೇ ಅದನ್ನ ಮಾಡಿರೋದು." ಮೆಲ್ಲಗೆ ಎಳೆದರೆ ದ್ರೌಪದಿಯ ಸೀರೆಯ ಹಾಗೆ ಬರುತ್ತಲೇ ಇತ್ತು. ಥಟ್ಟನೆ ಎಳೆದರೆ ಹಿಡಿಯುವ ಆ ಸುರುಳಿಯ ಹೆಸರಿನಲ್ಲೇ ಜಡತ್ವ ಇದೆ. ಮೂವತ್ತೊಂದು ವರ್ಷ!

ಸೀಟಿನ ಮೈಮೇಲೆ ಬೆಲ್ಟು ಹಾಯಲು ಎರಡು ದಾರಿ, ಒಂದು ಕೆಂಪು ಗುರುತಿನದು, ಇನ್ನೊಂದು ನೀಲಿ. ಕೈಪಿಡಿಯಲ್ಲಿ ಹನ್ನೆರಡು ಭಾಷೆ, ಕನ್ನಡ ಬಿಟ್ಟು. ನಾನು ಕೆಂಪನ್ನು ಹಿಡಿದೆ, ಎದ್ದು ಕಾಣುತ್ತಿತ್ತು. ಕಟ್ಟಿ ಮುಗಿಸಿ, ಬೆವರು ಒರೆಸಿಕೊಂಡು, ಮಗಳನ್ನು ಕರೆದೆ. "ಅಪ್ಪ, ಕೆಂಪು ಮುಂದೆ ನೋಡಿ ಕೂರೋ ಮಕ್ಕಳಿಗೆ. ಇವನು ಹಿಂದೆ ನೋಡಿ ಕೂರಬೇಕು. ನೀಲಿ." ಬಿಚ್ಚಿದೆ.

ಹಿಂದೆ ನೋಡಿ ಕೂರಬೇಕು ಎಂಬುದು ಕಿವಿಗೆ ಬಿದ್ದದ್ದೇ, ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದ ನನ್ನ ಅಮ್ಮ ತಲೆ ಎತ್ತಿದಳು. ಅವಳಿಗೆ ಎಂಬತ್ತನಾಲ್ಕು.

"ಮಗು ಯಾರ ಮೇಲೆ ಮುನಿಸಿಕೊಂಡಿದೆ ಅಂತ ಗೋಡೆಗೆ ಮುಖ ಮಾಡಿ ಕೂಡಿಸ್ತೀಯೋ?"

ನನಗೆ ಬೇಕಾದದ್ದು ಇಂಥದೇ ಪ್ರಶ್ನೆ. ಕೂಸಿನ ತಲೆ ಅದರ ಮೈಯುದ್ದದ ಕಾಲುಭಾಗ, ಕುತ್ತಿಗೆ ಇನ್ನೂ ಎಳೆಯದು. ಮುಂದೆ ನೋಡಿ ಕೂತಿದ್ದು ಕಾರು ಗಕ್ಕನೆ ನಿಂತರೆ ಮೈಯನ್ನು ಪಟ್ಟಿ ಹಿಡಿಯುತ್ತದೆ, ತಲೆ ಮಾತ್ರ ಮುಂದಕ್ಕೆ ಹಾರುತ್ತದೆ. ಬೆನ್ನು ಹಾಕಿ ಕೂತರೆ ತಲೆ, ಕುತ್ತಿಗೆ, ಬೆನ್ನು ಮೂರನ್ನೂ ಸೀಟಿನ ಚಿಪ್ಪು ಒಟ್ಟಿಗೆ ಹೊರುತ್ತದೆ. 1960ರ ದಶಕದಲ್ಲಿ ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಎಂಬ ಪ್ರೊಫೆಸರು ಅಮೆರಿಕದ ಜೆಮಿನಿ ನೌಕೆಯ ಗಗನಯಾತ್ರಿಗಳು ರಭಸಕ್ಕೆ ಬೆನ್ನು ಕೊಟ್ಟು ಮಲಗುವುದನ್ನು ನೋಡಿ ಮಕ್ಕಳಿಗೂ ಹೀಗೇ ಮಾಡಬೇಕೆಂದ. ಇಷ್ಟನ್ನೂ ನಿಂತು, ಕೈ ಆಡಿಸಿ, ಪೀರಿಯಡ್ಡಿನ ಹಾಗೆ ಹೇಳಿದೆ.

ಅಮ್ಮ ಪೂರ್ತಿ ಕೇಳಿ, "ಹೋಗ್ತಿರೋದು ಬೆಂಗಳೂರಿಗೆ ತಾನೆ?" ಅಂದಳು.

ನೀಲಿ ದಾರಿಯಲ್ಲಿ ಬೆಲ್ಟು ಹಾಯಿಸಿದ್ದಾಯಿತು. ಇನ್ನು ಬಿಗಿ. ಬೆಲ್ಟು ಹಾಯುವ ಜಾಗದಲ್ಲಿ ಸೀಟನ್ನು ಹಿಡಿದು ಅಲುಗಿಸಿದರೆ ಒಂದು ಅಂಗುಲಕ್ಕಿಂತ ಹೆಚ್ಚು ಸರಿಯಬಾರದು. ನಮ್ಮದು ಗೌರಿ ಹಬ್ಬದ ಬಾಗಿನದ ಮೊರದ ಹಾಗೆ ಓಲಾಡುತ್ತಿತ್ತು. ಮಂಡಿ ಊರಿ ಭಾರ ಹಾಕಿ ಬೆಲ್ಟು ಎಳೆಯಬೇಕೆಂದು ಚಿತ್ರದಲ್ಲಿತ್ತು. ಚಿತ್ರದಲ್ಲಿದ್ದವನು ತೆಳ್ಳಗಿದ್ದ, ಅವನ ಕಾರು ದೊಡ್ಡದು. ನಾನು 82 ಕೆಜಿ. ಹಿಂದಿನ ಬಾಗಿಲಿನಿಂದ ನುಗ್ಗಿ, ಒಂದು ಮಂಡಿ ಸೀಟಿನೊಳಗೆ ಊರಿ, ತಲೆಯನ್ನು ಕಾರಿನ ಸೂರಿಗೆ ಕೊಟ್ಟು, ಮುಂದಿನ ಸೀಟಿಗೂ ಇದಕ್ಕೂ ನಡುವೆ ಇನ್ನೊಂದು ಕಾಲು ಇಳಿಸಿ ಎಳೆದೆ. ಬಂತು ನೋಡಿ ಬಿಗಿ! ಬೆಟ್ಟದ ಬಂಡೆಯ ಹಾಗೆ ಕೂತುಬಿಟ್ಟಿತು. ನಾನೂ ಕೂತುಬಿಟ್ಟೆ. ಇಳಿದ ಕಾಲು ಮೇಲೆ ಬರಲಿಲ್ಲ. ಮುಂದಿನ ಸೀಟು ಸರಿಸುವ ಸನ್ನೆ ಆ ಕಡೆ, ನನ್ನ ಕೈ ಈ ಕಡೆ. ಮೊದಲು ನೋಡಿದವಳು ಹೂವಿನವಳು. "ಅಮ್ಮಾವ್ರೇ, ಸಾರು ಕಾರಲ್ಲಿ ಸಿಕ್ಕಾಕೊಂಡವ್ರೆ" ಎಂದು ಇಡೀ ಅಡ್ಡರಸ್ತೆಗೆ ಸಾರಿದಳು. ಹೆಂಡತಿ ಬಂದು ಸನ್ನೆ ಎತ್ತಿ ಬಿಡಿಸಿದಳು.

ಕೋನ ಒಂದು ಉಳಿದಿತ್ತು. ಎಳೆಗೂಸಿಗೆ ಸೀಟು ಸುಮಾರು 45 ಡಿಗ್ರಿ ಒರಗಿರಬೇಕು. ನೆಟ್ಟಗಾದರೆ ತಲೆ ಎದೆಗೆ ಬಾಗಿ ಉಸಿರು ಕಟ್ಟುತ್ತದೆ. ಇದು ನನ್ನ ಸಾಮ್ರಾಜ್ಯ. ಅಟ್ಟದಿಂದ ಕೋನಮಾಪಕ ಇಳಿಸಿ, ದಾರಕ್ಕೆ ಬೀಗದ ಕೈ ಕಟ್ಟಿ ತೂಗುಗುಂಡು ಮಾಡಿ, ಅಳೆದು, ನಿಖರವಾಗಿ 45ಕ್ಕೆ ನಿಲ್ಲಿಸಿದೆ. ಆಮೇಲೆ ಮಗಳು ಕೇಳಿದಳು, ಕಾರು ಗೇಟಿನ ಇಳಿಜಾರಿನಲ್ಲಿ ನಿಂತಿದೆಯಲ್ಲ ಅಪ್ಪ?

ರಸ್ತೆಗೆ ತಂದು ಸಮತಟ್ಟಿನಲ್ಲಿ ನಿಲ್ಲಿಸಿ ಮತ್ತೆ ಅಳೆದೆ. ಎಷ್ಟು ಬಂತೆಂದು ಹೇಳುವುದಿಲ್ಲ.

ಇಷ್ಟಾದ ಮೇಲೆ ಹೆಂಡತಿ ಬಾಯಿಬಿಟ್ಟಳು. "ಇದೆಲ್ಲ ಯಾಕೆ? ನಾನು ಮಡಿಲಲ್ಲಿ ಇಟ್ಕೊಂಡಿರ್ತೀನಿ. ಇವಳನ್ನ ಹಾಗೇ ತಾನೆ ಕರ್ಕೊಂಡು ಬಂದದ್ದು ಆಸ್ಪತ್ರೆಯಿಂದ, ಆಟೋದಲ್ಲಿ?" ನಾನು ಕಾನೂನು ತೆಗೆದೆ: 2019ರ ಮೋಟಾರು ವಾಹನ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟೋ ಮಕ್ಕಳ ಸೀಟೋ ಇಲ್ಲದಿದ್ದರೆ 1000 ರೂಪಾಯಿ ದಂಡ. "ಕೊಟ್ಟರಾಯ್ತು" ಅಂದಳು. ಲೆಕ್ಕ ತೆಗೆದೆ: ಗಂಟೆಗೆ 50 ಕಿಮೀನಲ್ಲಿ ಹೋಗುವ ಕಾರು ಗೋಡೆಗೆ ಗುದ್ದಿ ಅರ್ಧ ಮೀಟರಿನಲ್ಲಿ ನಿಂತರೆ ಒಳಗಿರುವುದೆಲ್ಲ ತನ್ನ ತೂಕದ ಇಪ್ಪತ್ತರಷ್ಟಾಗಿ ಮುಂದಕ್ಕೆ ನುಗ್ಗುತ್ತದೆ. ಮೊಮ್ಮಗ ಐದೂವರೆ ಕೆಜಿ, ಆ ಕ್ಷಣಕ್ಕೆ 110 ಕೆಜಿ, ಎರಡು ಸಿಮೆಂಟ್ ಮೂಟೆ. "ನಿನ್ನ ಕೈಲಿ ಹಿಡಿಯಕ್ಕೆ ಆಗುತ್ತಾ?"

"ನನ್ನ ಮೊಮ್ಮಗನ್ನ ನಾನು ಬಿಡ್ತೀನಾ?"

ಇದಕ್ಕೆ ನ್ಯೂಟನ್ನನ ಬಳಿಯೂ ಉತ್ತರವಿಲ್ಲ. ದೇವರಾಜ ಮಾರುಕಟ್ಟೆಗೆ ಹೋಗಿ ಐದೂವರೆ ಕೆಜಿ ತೂಗುವ ಒಂದು ಬೂದುಗುಂಬಳಕಾಯಿ ತಂದೆ. ಹೆಂಡತಿಯನ್ನು ಹಿಂದೆ ಕೂಡಿಸಿ, ಬೆಲ್ಟು ಹಾಕಿಸಿ, ಕಾಯನ್ನು ಮಡಿಲಿಗೆ ಕೊಟ್ಟೆ. ನಮ್ಮ ಬಡಾವಣೆಯ ಆಚೆ ಇನ್ನೂ ಮನೆಯೇಳದ ಸೈಟುಗಳ ನಡುವೆ ಖಾಲಿ ರಸ್ತೆ. "ಈಗ ಬ್ರೇಕು" ಎಂದು ಹೇಳಿ ಹಾಕಿದೆ. ಅವಳು ಅಪ್ಪಿ ಹಿಡಿದು ಗೆದ್ದಳು. "ನೋಡಿದ್ರಾ!" ವಾಪಸು ಬರುವಾಗ ಅವಳು ನಾದಿನಿಯ ಮನೆಗೆ ಈ ಸಲ ದೀಪಾವಳಿಗೆ ಹೋಗಿಬರಬೇಕು ಎಂದೇನೋ ಹೇಳುತ್ತಿದ್ದಳು. ವೇಗ 25 ಇತ್ತೋ ಏನೋ. ಹೇಳದೆ ಹಾಕಿದೆ. ಕಾಯಿ ಅವಳ ಕೈಯಿಂದ ಮೀನಿನ ಹಾಗೆ ಜಾರಿ, ಮುಂದಿನ ಸೀಟಿನ ಬೆನ್ನಿಗೆ ಬಡಿದು, ಕೆಳಗೆ ಬಿದ್ದು ಹೋಳಾಯಿತು.

ಮನೆಯವರೆಗೂ ಅವಳು ಮಾತಾಡಲಿಲ್ಲ. ಇಳಿಯುವಾಗ ಮಾತ್ರ, "ಇನ್ನೊಂದು ತನ್ನಿ, ಸೀಟಲ್ಲಿ ಕಟ್ಟಿ ನೋಡೋಣ" ಅಂದಳು.

ಎರಡನೆಯದು ಸೀಟಿನಲ್ಲಿ ಕೂತಿತು. ಅದಕ್ಕೆ ಭುಜವಿಲ್ಲದ್ದರಿಂದ ಅಮ್ಮ ಒಂದು ಉಲ್ಲನ್ ಟೋಪಿ ಹಾಕಿದಳು. ಎರಡಕ್ಕೂ ಸಂಬಂಧವೇನೆಂದು ನಾನು ಕೇಳಲಿಲ್ಲ. ಎದುರು ಮನೆಯವರು ಕಿಟಕಿಯಲ್ಲಿ ಇಣುಕಿ, "ಮೇಷ್ಟ್ರೇ, ಬೂದುಗುಂಬಳ ವಾಹನಕ್ಕೆ ನಿವಾಳಿಸಿ ಒಡೆಯೋದಲ್ವಾ? ನೀವು ಬೆಲ್ಟ್ ಹಾಕಿ ಕೂಡಿಸಿದ್ದೀರಿ?" ಎಂದರು. ಐದು ಬ್ರೇಕಿಗೂ ಅದು ಮಿಸುಕಲಿಲ್ಲ. ಆ ವಾರ ನಮ್ಮ ಮನೆಯಲ್ಲಿ ಮಜ್ಜಿಗೆಹುಳಿ, ಕೂಟು, ಮತ್ತೆ ಮಜ್ಜಿಗೆಹುಳಿ, ಕೊನೆಗೆ ಕಾಶಿ ಹಲ್ವ.

ಹೊರಡುವ ದಿನ ಕೊನೆಯ ತಗಾದೆ. ಮಗುವನ್ನು ಎಣ್ಣೆ ನೀರು ಹಾಕಿ, ಸಾಂಬ್ರಾಣಿ ಹಿಡಿದು, ಸ್ವೆಟರು, ಅದರ ಮೇಲೆ ಬಟ್ಟೆ, ಅದರ ಮೇಲೆ ಶಾಲು ಸುತ್ತಿ ಕಡುಬಿನ ಹಾಗೆ ತಂದರು. ಸೀಟಿನ ಪಟ್ಟಿ ಎರಡು ಕಾಲಿನ ನಡುವೆ ಬರಬೇಕು, ಕಡುಬಿಗೆ ಕಾಲೆಲ್ಲಿ? ಎಲ್ಲ ಬಿಚ್ಚಿಸಿ ತೆಳ್ಳನೆಯ ಅಂಗಿಯಲ್ಲಿ ಕೂಡಿಸಿ, ಭುಜದ ಬಳಿ ಪಟ್ಟಿಯನ್ನು ಚಿವುಟಲು ಬಾರದಷ್ಟು ಬಿಗಿದು, ಆಮೇಲೆ ಮೇಲಿಂದ ಶಾಲು ಹೊದಿಸಿದೆವು. ಅಮ್ಮ ಕೆನ್ನೆಗೆ ದೃಷ್ಟಿಬೊಟ್ಟಿಟ್ಟು, ಹಿಂದಿನ ಗಾಜಿನ ಕಡೆ ನೋಡಿದಳು. "ಬೆಟ್ಟ ಕಾಣುತ್ತಲ್ಲ ಅವನಿಗೆ, ಬಿಡು" ಅಂದಳು.

80 ದಾಟಿಸದೆ ಓಡಿಸಿದೆ. ಕೂಸನ್ನು ತುಂಬ ಹೊತ್ತು ಒಂದೇ ಸಮನೆ ಸೀಟಿನಲ್ಲಿ ಇಡಬಾರದು, ನಡುವೆ ಎತ್ತಿಕೊಳ್ಳಬೇಕು ಎಂಬ ವೈದ್ಯಕೀಯ ಕಾರಣಕ್ಕೆ ಹೆದ್ದಾರಿ ಬಿಟ್ಟಿಳಿದು ಮದ್ದೂರಿನಲ್ಲಿ ವಡೆ ತಿಂದೆವು. ಅವನು ನಿದ್ದೆಯಲ್ಲೇ ಇದ್ದ.

ಬೆಂಗಳೂರು ತಲುಪಿದಾಗ ಅಳಿಯ ಕೆಳಗೆ ಕಾಯುತ್ತಿದ್ದ. ಸೀಟನ್ನು ಇನ್ನು ಅವನ ಕಾರಿಗೆ ಕಟ್ಟಬೇಕು. ಅವನದೂ ಸಣ್ಣ ಕಾರೇ. "ಹತ್ತು ನಿಮಿಷದ ಕೆಲಸ ಅಲ್ವಾ ಮಾವ?" ಅಂದ.

ನಾನು ಕನ್ನಡಕ ತೆಗೆದು ಒರೆಸಿದೆ. "ಮೊದಲು ಒಂದು ಬೂದುಗುಂಬಳಕಾಯಿ ತರಿಸಿ."

"ಎರಡು ತರಿಸಿ" ಅಂದಳು ನನ್ನ ಹೆಂಡತಿ, ಮಗುವನ್ನು ಎತ್ತಿಕೊಳ್ಳುತ್ತಾ. ಆಮೇಲೆ ಮಗಳ ಕಡೆ ತಿರುಗಿ, "ಮನೇಲಿ ಸಕ್ಕರೆ ಎಷ್ಟಿದೆಯೇ?"