ಅರಿಶಿನದ ಹೆಬ್ಬೆಟ್ಟು

ಗೋಡೆಯ ಶೆಲ್ಫಿಗೆ ಗೆದ್ದಲು ಹತ್ತಿದೆ. ಇನ್ನು ಪುಸ್ತಕಗಳಿಗೆ ತಗಡಿನ ಟ್ರಂಕೇ ಗತಿ. ಟ್ರಂಕೋ ಅಜ್ಜಿಯ ಕಾಲದ್ದು. ಮುಚ್ಚಳ ಕೂರಬೇಕಾದರೆ ಮೇಲೆ ಒಬ್ಬರು ಕೂರಬೇಕು. ಹೆಚ್ಚೆಂದರೆ ಹತ್ತು ಪುಸ್ತಕ ಹಿಡಿದೀತು. ಯಾವ ಹತ್ತು ಅಂತ ಎಲ್ಲವನ್ನೂ ಅಂಗಳದಲ್ಲಿ ಹರಡಿಕೊಂಡು ಕೂತಿದ್ದೆ. ಬೇಲಿಯಾಚೆ ಅವರೆಕಾಯಿ ಸುಲಿಯುತ್ತಿದ್ದ ಪಕ್ಕದ ಮನೆ ಅಕ್ಕ ಕತ್ತೆತ್ತಿ, "ಏನಣ್ಣಾ, ಈ ಸಲ ಅರಿಶಿನ ಇಷ್ಟು ದಪ್ಪ ಬಂದಿದೆಯಾ?" ಅಂದರು. ನಮ್ಮ ಧರ್ಮಪುರಿ ಜಿಲ್ಲೆಯ ಪಾಪಿರೆಡ್ಡಿಪಟ್ಟಿ ಕಡೆ ಬಿಸಿಲಿಗೆ ಏನು ಹರಡಿದರೂ ಮೊದಲು ಅರಿಶಿನ ಅಂದುಕೊಳ್ಳೋದು, ಆಮೇಲೆ ಕಣ್ಣು ಬಿಟ್ಟು ನೋಡೋದು, ಅಲ್ವಾ?

ತಗಡು ಅಂದಾಗ ನೆನಪಾಯ್ತು. ಧರ್ಮಪುರಿಯ ಹಳೇ ಹೆಸರು ತಗಡೂರು. ಟ್ರಂಕಿನ ತಗಡಿಗೂ ಅದಕ್ಕೂ ಸಂಬಂಧ ಇಲ್ಲ ಅನ್ನಿ. ಅಲ್ಲಿ ನೊಳಂಬರ ಮಹೇಂದ್ರನ ಕಾಲದ, 893ರ ಕನ್ನಡ ಶಾಸನ ಸಿಕ್ಕಿದೆ. ಕಲ್ಲಿನ ಮೇಲೆ ಬರೆಸಿದವರು ಜಾಣರು. ಗೆದ್ದಲಿನ ಕಾಟವಿಲ್ಲ, ಟ್ರಂಕಿನ ತಾಪತ್ರಯವಿಲ್ಲ.

ಸರಿ, ಮೊದಲು ಕೈ ಹೋದದ್ದು ದಪ್ಪನೆಯದರ ಕಡೆಗೆ, 'ಮಲೆಗಳಲ್ಲಿ ಮದುಮಗಳು'. 1967ರದ್ದು. ಇದರಲ್ಲಿ ಮುಖ್ಯರು ಅಮುಖ್ಯರು ಅನ್ನೋ ಭೇದವೇ ಇಲ್ಲ ಅಂತ ಕುವೆಂಪು ಶುರುವಿಗೇ ಹೇಳಿಬಿಟ್ಟಿದ್ದಾರೆ. ಮುಖ್ಯವಾದದ್ದನ್ನು ಆರಿಸೋಕೆ ಕೂತವನಿಗೆ ಇದಕ್ಕಿಂತ ದೊಡ್ಡ ಅಡ್ಡಗಾಲು ಬೇಕಾ?

ಆಮೇಲೆ ಭೈರಪ್ಪನವರ 'ಪರ್ವ', 1979ರದ್ದು. ಅದರ ಪಕ್ಕದಲ್ಲೇ 'ಪರುವಂ', ಪಾವಣ್ಣನ್ ಅವರ ತಮಿಳು. 2005ರ ಸಾಹಿತ್ಯ ಅಕಾಡೆಮಿ ಅನುವಾದ ಪ್ರಶಸ್ತಿ ಪಡೆದದ್ದು. ಕನ್ನಡದ್ದು ನನ್ನದು, ತಮಿಳಿನದ್ದು ಮಗನದ್ದು. ಮನೆಯಲ್ಲಿ ಅರಳು ಹುರಿದ ಹಾಗೆ ಕನ್ನಡ ಆಡ್ತಾನೆ, ಆದರೆ ಸ್ಕೂಲಿನಲ್ಲಿ ಕಲಿತದ್ದು ತಮಿಳಕ್ಷರ. ಒಂದೇ ಕುರುಕ್ಷೇತ್ರವನ್ನು ಅಪ್ಪ ಒಂದು ಬಾಗಿಲಿಂದ, ಮಗ ಇನ್ನೊಂದು ಬಾಗಿಲಿಂದ ಹೊಕ್ಕ ಹಾಗೆ. ಎರಡನ್ನೂ ಇಟ್ಟರೆ ಅರ್ಧ ಟ್ರಂಕು ಅಲ್ಲೇ ಮುಗೀತು.

"ಅಷ್ಟೊಂದು ಯಾಕಣ್ಣಾ ಹೊತ್ಕೊಂಡು ಬಂದ್ರಿ?" ಅಂದರು ಅಕ್ಕ. ಪುಸ್ತಕಕ್ಕೆ ಕನ್ನಡದಲ್ಲಿ ಹೊತ್ತಗೆ ಅಂತಾನೂ ಹೇಳ್ತಾರೆ, ಹೊರೋದು ಹೆಸರಲ್ಲೇ ಇದೆ ಅಂತ ಜಾರಿಕೊಂಡೆ. ಪಂಡಿತರು ಒಪ್ಪಲಿಕ್ಕಿಲ್ಲ. ಆದರೆ ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಗಳಗನಾಥರು ಒಪ್ಪುತ್ತಿದ್ದರೇನೋ. ಪಾಂಡವಪುರದ ಹತ್ತಿರ ಹರಳಹಳ್ಳಿಯ ಅಂಕೇಗೌಡರಿಗೆ ಈ ಪೀಕಲಾಟವೇ ಇಲ್ಲ ನೋಡಿ. ಒಂದು ಕಾಲಕ್ಕೆ ಬಸ್ ಕಂಡಕ್ಟರ್ ಆಗಿದ್ದವರು, ಲಕ್ಷಗಟ್ಟಲೆ ಪುಸ್ತಕ ಸೇರಿಸಿ 'ಪುಸ್ತಕ ಮನೆ'ಯನ್ನೇ ಕಟ್ಟಿಬಿಟ್ಟರು. ಆರಿಸೋ ಗೋಜೇ ಬೇಡ, ಎಲ್ಲಾ ಇರಲಿ ಅಂತ! ನನಗಿರೋದು ಒಂದು ಟ್ರಂಕು.

ಕೊನೆಗೆ ದಾರಿ ತೋರಿಸಿದ್ದು ಅಕ್ಕನೇ. "ಯಾವುದರಲ್ಲಿ ಕಲೆ ಜಾಸ್ತಿ ಇದೆ ನೋಡಿ, ಅದನ್ನ ಮೊದಲು ಇಡಿ. ಪಾತ್ರೆನೂ ಹಾಗೇ ಅಲ್ವಾ? ತಳ ಕಪ್ಪಾಗಿರೋದೇ ದಿನಾ ಒಲೆ ಮೇಲೆ ಏರೋದು."

ಆ ಲೆಕ್ಕ ಹಿಡಿದು ನೋಡಿದರೆ ನನ್ನ ಬಂಡವಾಳ ಬಯಲಾಯ್ತು. ಮೊದಲ ಸ್ಥಾನ ಪಂಚಾಂಗಕ್ಕೆ! ಎಣ್ಣೆ, ಕುಂಕುಮ, ಕಾಫಿ, ಯಾವುದುಂಟು ಯಾವುದಿಲ್ಲ. ನೆಂಟರೆದುರು ನಾನು ಕೊಚ್ಚಿಕೊಳ್ಳೋ 'ಮದುಮಗಳು' ಮಾತ್ರ ಮೊನ್ನೆ ಅಂಗಡಿಯಿಂದ ತಂದಷ್ಟು ಚೊಕ್ಕ. ಒಳಗೆ ಒಂದು ಬಸ್ ಟಿಕೆಟ್ಟು ಗುರುತಿಗೆ ಕೂತಿತ್ತು. ಬಸ್ಸು ಧರ್ಮಪುರಿ ಮುಟ್ಟಿತ್ತು, ನನ್ನ ಓದು ಅಷ್ಟು ದೂರವೂ ಹೋಗಿರಲಿಲ್ಲ.

ಅಡಿಯಲ್ಲಿ ಸಿಕ್ಕಿತು, ರಟ್ಟು ಕಿತ್ತುಹೋದ ಜೈಮಿನಿ ಭಾರತ. ಅಲ್ಲಲ್ಲಿ ಪುಟದಂಚಿನಲ್ಲಿ ಹಳದಿ ಹೆಬ್ಬೆಟ್ಟಿನ ಗುರುತು. ಅಜ್ಜಿಯದ್ದು. ಅಜ್ಜಿಗೆ ಓದು ಬರಹ ಬಾರದು. ಕಾಗದ ಪತ್ರಕ್ಕೂ ಹೆಬ್ಬೆಟ್ಟೇ. ರಾತ್ರಿ ಅಜ್ಜ ರಾಗವಾಗಿ ಓದುತ್ತಾ ತೂಕಡಿಸಿದರೆ, ಅಜ್ಜಿ ಅರಿಶಿನದ ಕೆಲಸ ಬಿಟ್ಟು ಎದ್ದು ಬಂದು, ನಿಂತ ಪುಟದ ಮೇಲೆ ಬೆರಳೂರಿ, "ನಾಳೆ ಇಲ್ಲಿಂದ" ಅನ್ನುತ್ತಿದ್ದಳು. ಗುರುತು ಅತಿ ದಟ್ಟವಾಗಿರೋದು ಚಂದ್ರಹಾಸನ ಕಥೆಯಲ್ಲಿ. ವಿಷವ ಕೊಡು ಅಂತಿದ್ದ ಕಾಗದವನ್ನು ವಿಷಯೆ ಅನ್ನೋ ಹುಡುಗಿ ತಿದ್ದಿ, 'ವ' ಅಳಿಸಿ 'ಯೆ' ಮಾಡಿ, ತಾನೇ ಅವನ ಹೆಂಡತಿಯಾದಳಲ್ಲ, ಅಲ್ಲಿ. ಒಂದಕ್ಷರವೂ ಬಾರದವಳಿಗೆ ಒಂದಕ್ಷರದ ಕಥೆ ಎಷ್ಟು ಸಲ ಕೇಳಿದರೂ ಸಾಲದು. ಹೇಗಿದೆ ನೋಡಿ?

ಮಗ ಊಟ ಮಾಡುತ್ತಿದ್ದವನು ಎಂಜಲು ಕೈಯಲ್ಲೇ ಬಂದು ಬಗ್ಗಿ ನೋಡಿದ. "ಯಾವಕ್ಷರ ಅಪ್ಪಾ?" 'ವ' ತೋರಿಸಿದೆ, 'ಯೆ' ತೋರಿಸಿದೆ. ಇದಾ, ಇದಾ ಅಂತ ಬೆರಳಿಟ್ಟೇಬಿಟ್ಟ. ಸಾರಿನ ಬೆರಳು! ಬೈಯೋಕೆ ಬಾಯಿ ತೆರೆದವನು ಸುಮ್ಮನಾದೆ.

"ಹತ್ತಾಯ್ತಾ ಅಣ್ಣಾ?" ಬೇಲಿಯಾಚೆಯಿಂದ ಕೂಗು.

"ಒಂದಾಯ್ತು ಅಕ್ಕಾ."

"ಹಂಗಾದ್ರೆ ಸಂಜೆ ಕೂಗಿ. ಮುಚ್ಚಳದ ಮೇಲೆ ಕೂರೋಕೆ ನಾನೇ ಬರ್ತೀನಿ."